ನಗುವಿಗೆ ಹಾಜರಾತಿ ಬೇಡ, ಬಿಡುವು ಬೇಕು: ಸಂಸ್ಥೆ ನಡೆಸುವವರಿಗೊಂದು ಬಹಿರಂಗ ಪತ್ರ

ಸಂಸ್ಥೆಗಳ ಮುಖ್ಯಸ್ಥರಿಗೆ, ಮಾನವ ಸಂಪನ್ಮೂಲ ವಿಭಾಗದವರಿಗೆ, ತಂಡಗಳನ್ನು ನಡೆಸುವ ಮ್ಯಾನೇಜರುಗಳಿಗೆ,

ನಮಸ್ಕಾರ.

ಕೆಲಸದ ಜಾಗದಲ್ಲಿ ಖುಷಿ ಇರಲಿ ಎಂದು ನೀವು ಹಣ ತೆಗೆದಿಡುತ್ತೀರಿ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೂ ಗೊತ್ತಾಗಲಿ ಎಂದು ಬೇರೆಯೇ ಹಣ ತೆಗೆದಿಡುತ್ತೀರಿ. ಮೊದಲನೆಯದಕ್ಕೆ ಶುಕ್ರವಾರದ ಆಟ, ವರ್ಷಕ್ಕೊಂದು ಔಟಿಂಗ್, ಬಹುಮಾನ. ಎರಡನೆಯದಕ್ಕೆ ಕೆ.ಟಿ. (ತಿಳಿದದ್ದನ್ನು ಇನ್ನೊಬ್ಬರಿಗೆ ದಾಟಿಸುವ) ಸೆಷನ್, ಹ್ಯಾಂಡೋವರ್ ಡಾಕ್ಯುಮೆಂಟ್, ಎಲ್ಲರಿಗೂ ತೆರೆದಿಟ್ಟ ಫೋಲ್ಡರ್. ಎರಡರ ಹಿಂದಿನ ಉದ್ದೇಶವೂ ಒಳ್ಳೆಯದೇ. ಆದರೆ ಇವೆರಡನ್ನೂ ಬೇರೆ ಬೇರೆ ಸಮಿತಿಗೆ ಒಪ್ಪಿಸಿದ್ದರಿಂದಲೇ ಎರಡೂ ಸೊರಗುತ್ತಿವೆ ಎಂದು ನಾನು ನಂಬಿದ್ದೇನೆ. ಜನ ಜೊತೆಗೆ ನಗುವ ಹೊತ್ತಿನಲ್ಲೇ ಕೆಲಸದ ಗುಟ್ಟುಗಳೂ ಕೈಬದಲಾಗುತ್ತವೆ. ಆ ಹೊತ್ತು ಯಾರೂ ಏರ್ಪಾಡು ಮಾಡಿದ್ದಲ್ಲ, ಜನ ತಾವೇ ಮಾಡಿಕೊಂಡದ್ದು. ಅದನ್ನು ಸೃಷ್ಟಿಸುವ ಕೆಲಸ ನಿಮ್ಮದಲ್ಲ, ಕಾಪಾಡುವ ಕೆಲಸ ಖಂಡಿತ ನಿಮ್ಮದು. ಅದನ್ನು ಕೇಳಿಕೊಳ್ಳಲು ಈ ಪತ್ರ.

ನಾನು ಮ್ಯಾನೇಜರ್ ಅಲ್ಲ. ಬಿಲ್ಲಿಂಗ್ ನೋಡಿಕೊಳ್ಳುವ ತಂಡದಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿರುವ ಉದ್ಯೋಗಿ. ಹೊಸಬರು ಬಂದಾಗ "ಸ್ವಲ್ಪ ದಿನ ಇವರ ಪಕ್ಕ ಕೂತು ಕಲಿ" ಎಂದು ಕಳಿಸುವುದು ನಮ್ಮಂಥವರ ಬಳಿಗೆ. ಹಾಗಾಗಿ ಕಲಿಕೆ ಎಲ್ಲಿ ಆಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ನಮ್ಮ ತಂಡದಲ್ಲಿ "ಉಲ್ಟಾ ಫೈಲು" ಎಂಬ ಮಾತೊಂದಿದೆ. ಒಂದು ಶಾಖೆಯಿಂದ ಬರುವ ಫೈಲಿನಲ್ಲಿ ದಿನಾಂಕ ಬರೆಯುವಾಗ ತಿಂಗಳು ಮೊದಲು, ದಿನ ಆಮೇಲೆ. ನಮ್ಮ ಸಿಸ್ಟಮ್ ಓದುವುದು ದಿನ ಮೊದಲು ಎಂದು. 13ನೇ ತಾರೀಖು ಮತ್ತು ಅದರಿಂದ ಮುಂದಿನ ಬಿಲ್ಲುಗಳನ್ನು ಸಿಸ್ಟಮ್ ತಕ್ಷಣ ವಾಪಸ್ ಕಳಿಸುತ್ತದೆ, ಏಕೆಂದರೆ ವರ್ಷದಲ್ಲಿ 13ನೇ ತಿಂಗಳು ಇಲ್ಲ. ಅಪಾಯ ಇರುವುದು 12ರ ಒಳಗಿನವುಗಳಲ್ಲಿ. ಅವು ಸದ್ದಿಲ್ಲದೆ ಒಳಗೆ ಹೋಗುತ್ತವೆ. ಫೆಬ್ರವರಿ 3ರ ಬಿಲ್ಲು ಮಾರ್ಚ್ 2ಕ್ಕೆ ಹೋಗಿ ಕೂರುತ್ತದೆ. ವಾಪಸ್ ಬಂದವನ್ನು ಸರಿಪಡಿಸಿದ ಹೊಸಬರು ಕೆಲಸ ಮುಗಿಯಿತೆಂದು ಏಳುತ್ತಾರೆ, ಉಳಿದದ್ದು ಮೂರು ತಿಂಗಳ ಲೆಕ್ಕ ಕೂಡಿಸುವಾಗ ಹೊರಗೆ ಬರುತ್ತದೆ. ಇದೆಲ್ಲ ಹ್ಯಾಂಡೋವರ್ ಡಾಕ್ಯುಮೆಂಟಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಆದರೂ ನನ್ನ ಅನುಭವದಲ್ಲಿ ಅದನ್ನು ಓದಿ ನೆನಪಿಟ್ಟುಕೊಂಡವರು ವಿರಳ. ನೆನಪಿಟ್ಟುಕೊಂಡವರಲ್ಲಿ ಹೆಚ್ಚಿನವರು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಅಭಿನಯ ನೋಡಿದವರು. ಅವರು ಬಿಡುವಿನ ಹೊತ್ತಲ್ಲಿ, ತಪ್ಪು ತಿಂಗಳಲ್ಲಿ ಸಿಕ್ಕಿಹಾಕಿಕೊಂಡ ಬಿಲ್ಲು ತಾನೇ ಎದ್ದು ನಿಂತು "ನನ್ನನ್ನು ಇಲ್ಲಿಗೆ ಕರೆದವರು ಯಾರು?" ಎಂದು ಒಬ್ಬೊಬ್ಬರನ್ನೇ ವಿಚಾರಿಸುವಂತೆ ಮಾಡಿ ತೋರಿಸುತ್ತಿದ್ದರು. ಸುತ್ತಲಿನವರು ನಗುತ್ತಿದ್ದರು. ಡಾಕ್ಯುಮೆಂಟನ್ನು ಇನ್ನೂ ತೆರೆಯದ ಹುಡುಗಿಯೊಬ್ಬಳು ಮೊದಲ ತಿಂಗಳಲ್ಲೇ ಒಂದು ಫೈಲನ್ನು ತಡೆದು "ಸರ್, ಇದು ಆ ಉಲ್ಟಾ ಫೈಲಲ್ವಾ?" ಎಂದು ಕೇಳಿದಳು.

ಅಲ್ಲಿ ಆದದ್ದನ್ನು ದಯವಿಟ್ಟು ಗಮನಿಸಿ. ಒಂದು ತಾಂತ್ರಿಕ ದೋಷ, ಅದರ ಕಾರಣ, ಅದು ಅಡಗಿಕೊಳ್ಳುವ ರೀತಿ, ಬಿಟ್ಟರೆ ಆಗುವ ನಷ್ಟ, ಎಲ್ಲವೂ ಒಂದು ತಮಾಷೆಯೊಳಗೆ ಸೇರಿ ಹೊಸಬಳ ತಲೆಗೆ ಹೋಯಿತು. ಇನ್ನೊಂದೂ ಆಯಿತು. ಹಿರಿಯರ ಬಳಿ ಹೋಗಿ ಕೇಳಬಹುದು, ಕೇಳಿದರೆ ಬೈಸಿಕೊಳ್ಳುವುದಿಲ್ಲ ಎಂಬುದು ಅವಳಿಗೆ ತಿಳಿಯಿತು. ಈ ಎರಡನೆಯದನ್ನು ಯಾವ ಡಾಕ್ಯುಮೆಂಟೂ ಹೇಳಿಕೊಡಲಾರದು.

ಇದು ನಮ್ಮ ತಂಡವೊಂದರದ್ದೇ ಕಥೆ ಅಲ್ಲ ಎನ್ನಲು ನನ್ನ ಬಳಿ ಗಟ್ಟಿಯಾದ ಆಧಾರವಿದೆ. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞ ಜೂಲಿಯನ್ ಆರ್ 1980ರ ದಶಕದಲ್ಲಿ ಫೋಟೊಕಾಪಿ ಯಂತ್ರ ರಿಪೇರಿ ಮಾಡುವ ತಂತ್ರಜ್ಞರ ಜೊತೆ ಓಡಾಡಿದರು. ಕಂಪನಿಯ ಪ್ರಕಾರ ಆ ಕೆಲಸ ಸರಳ. ಯಂತ್ರ ಒಂದು ದೋಷಸಂಖ್ಯೆ ತೋರಿಸುತ್ತದೆ, ಕೈಪಿಡಿಯಲ್ಲಿ ಆ ಸಂಖ್ಯೆಯ ಪುಟ ತೆರೆಯಬೇಕು, ಅಲ್ಲಿ ಹೇಳಿದಂತೆ ಮಾಡಬೇಕು. ಆರ್ ಕಂಡದ್ದು ಬೇರೆ. ಯಂತ್ರಗಳು ಕೈಪಿಡಿಯ ಪ್ರಕಾರ ಕೆಡುತ್ತಿರಲಿಲ್ಲ. ಒಂದು ಪ್ರಸಂಗದಲ್ಲಿ ಯಂತ್ರ ತೋರಿಸುತ್ತಿದ್ದ ದೋಷಸಂಖ್ಯೆಗೂ ನಿಜವಾದ ದೋಷಕ್ಕೂ ಸಂಬಂಧವೇ ಇರಲಿಲ್ಲ. ತಂತ್ರಜ್ಞನೂ ಅವನ ನೆರವಿಗೆ ಬಂದ ಪರಿಣತನೂ ಯಂತ್ರದ ಮುಂದೆ ಕೂತು, ಹಿಂದೆ ಇಂಥದ್ದು ಎಲ್ಲೆಲ್ಲಿ ಆಗಿತ್ತು, ಆಗ ಏನು ಕಂಡಿತ್ತು, ಯಾರು ಏನು ಮಾಡಿದ್ದರು ಎಂದು ಗಂಟೆಗಟ್ಟಲೆ ಒಬ್ಬರಿಗೊಬ್ಬರು ಕಥೆ ಹೇಳಿಕೊಂಡರು. ಒಂದು ಕಥೆಯ ತುದಿ ಇನ್ನೊಂದಕ್ಕೆ ತಗುಲಿ ಕೊನೆಗೆ ದೋಷ ಸಿಕ್ಕಿತು. ಆ ತಂತ್ರಜ್ಞರು ಬೆಳಗಿನ ತಿಂಡಿಗೆ, ಮಧ್ಯಾಹ್ನದ ಊಟಕ್ಕೆ ಒಟ್ಟಿಗೆ ಸೇರುತ್ತಿದ್ದರು, ಹರಟುತ್ತಿದ್ದರು, ಒಬ್ಬರನ್ನೊಬ್ಬರು ಛೇಡಿಸುತ್ತಿದ್ದರು. ದೂರದಿಂದ ನೋಡಿದರೆ ಕಾಲಹರಣ. ಹತ್ತಿರ ಹೋಗಿ ಕೇಳಿದರೆ ಮಾತೆಲ್ಲ ಯಂತ್ರಗಳದ್ದೇ. ಅವರ ಹರಟೆಯನ್ನು ಕಡಿತ ಮಾಡಿದ್ದರೆ ಕಂಪನಿ ತನ್ನ ಅತ್ಯಂತ ಸಮೃದ್ಧ ಕೈಪಿಡಿಯನ್ನು ತಾನೇ ಹರಿದು ಹಾಕಿದಂತಾಗುತ್ತಿತ್ತು.

ಈ ಅಧ್ಯಯನದಿಂದ ಮುಂದೆ ಹುಟ್ಟಿದ್ದನ್ನೂ ಹೇಳಬೇಕು, ಏಕೆಂದರೆ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವ ಭಾಗ ಅದು. 1990ರ ದಶಕದಲ್ಲಿ ಅದೇ ಕಂಪನಿಯಲ್ಲಿ "ಯುರೇಕಾ" ಎಂಬ ವ್ಯವಸ್ಥೆ ಬಂತು. ತಂತ್ರಜ್ಞರು ತಾವು ಕಂಡುಕೊಂಡ ಉಪಾಯಗಳನ್ನು ಅದರಲ್ಲಿ ಬರೆಯುತ್ತಿದ್ದರು. ಅದೇ ಕೆಲಸ ಬಲ್ಲ ಸಹೋದ್ಯೋಗಿಗಳು ಪರೀಕ್ಷಿಸಿ ಒಪ್ಪಿದ ಮೇಲೆ ಅದು ಎಲ್ಲರಿಗೂ ಸಿಗುತ್ತಿತ್ತು. ಉಪಾಯ ಕೊಟ್ಟವರಿಗೆ ಹಣ ಕೊಡಬೇಕೇ ಎಂಬ ಪ್ರಶ್ನೆ ಬಂದಾಗ ತಂತ್ರಜ್ಞರು ಆರಿಸಿಕೊಂಡದ್ದು ಹಣವನ್ನಲ್ಲ. ಉಪಾಯದ ಜೊತೆ ಅದನ್ನು ಕೊಟ್ಟವರ ಹೆಸರು ಇರಲಿ ಎಂದರು. ಹಣ ಇಟ್ಟರೆ ಜನ ಉಪಾಯಗಳ ಸಂಖ್ಯೆ ಹೆಚ್ಚಿಸಲು ಹೊರಡುತ್ತಾರೆ, ಹೆಸರು ಇಟ್ಟರೆ ಸರೀಕರ ಮುಂದೆ ತಲೆ ಎತ್ತಿ ನಿಲ್ಲುವಂಥದ್ದನ್ನೇ ಬರೆಯುತ್ತಾರೆ ಎಂಬುದು ನನಗೆ ಇದರಿಂದ ಅರ್ಥವಾದದ್ದು. ನಿಮ್ಮ ಜ್ಞಾನ ಹಂಚಿಕೆಯ ಪೋರ್ಟಲಿನಲ್ಲಿ ಅಂಕ, ಬ್ಯಾಡ್ಜು, ಲೀಡರ್‌ಬೋರ್ಡ್ ಹಾಕುವ ಮುನ್ನ ಇದನ್ನೊಮ್ಮೆ ಯೋಚಿಸಿ.

ಬರೆದಿಡುವುದು ಬೇಡವೆಂದು ನಾನು ಹೇಳುತ್ತಿಲ್ಲ. ಬರೆದಿಡಬೇಕು. ಆದರೆ ಕೈಗೆ ಗೊತ್ತಿದ್ದು ಬಾಯಿಗೆ ಬಾರದ ತಿಳಿವಳಿಕೆ ಎಲ್ಲ ಕೆಲಸದಲ್ಲೂ ಇರುತ್ತದೆ. 1985ರಲ್ಲಿ ಒಸಾಕಾದ ಮತ್ಸುಶಿತಾ ಕಂಪನಿಯ ಎಂಜಿನಿಯರುಗಳು ಮನೆಯಲ್ಲೇ ಬ್ರೆಡ್ಡು ಮಾಡುವ ಯಂತ್ರ ರೂಪಿಸುತ್ತಿದ್ದರು. ಹಿಟ್ಟು ಸರಿಯಾಗಿ ನಾದುತ್ತಿರಲಿಲ್ಲ. ಬ್ರೆಡ್ಡಿನ ಮೇಲ್ಪದರ ಸುಟ್ಟರೂ ಒಳಗೆ ಹಸಿಯಾಗೇ ಇರುತ್ತಿತ್ತು. ಎಷ್ಟು ವಿಶ್ಲೇಷಣೆ ಮಾಡಿದರೂ ಕಾರಣ ಸಿಗಲಿಲ್ಲ. ಕೊನೆಗೆ ಅವರಲ್ಲೊಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಒಳ್ಳೆಯ ಬ್ರೆಡ್ಡಿಗೆ ಹೆಸರಾದ ಆ ಊರಿನ ಹೋಟೆಲೊಂದರ ಮುಖ್ಯ ಬೇಕರ್ ಬಳಿ ಹೋಗಿ ಶಿಷ್ಯೆಯಾಗಿ ಕೆಲಸ ಕಲಿತರು. ಹಿಟ್ಟನ್ನು ಎಳೆಯುವಾಗ ಬೇಕರ್ ಅದನ್ನು ತಿರುಚುತ್ತಲೂ ಇದ್ದರು ಎಂಬುದು ಪಕ್ಕದಲ್ಲಿ ನಿಂತಾಗ ಕಣ್ಣಿಗೆ ಬಿತ್ತು. ಯಂತ್ರದೊಳಗೆ ಆ ತಿರುಚುವಿಕೆಯನ್ನು ತರಲು ಸಾಧ್ಯವಾದ ಮೇಲೆ ಬ್ರೆಡ್ಡು ಸರಿಬಂತು. ಪ್ರಶ್ನಾವಳಿ ಕಳಿಸಿ ಇದನ್ನು ತಿಳಿದುಕೊಳ್ಳಲು ಆಗುತ್ತಿರಲಿಲ್ಲ. ಪಕ್ಕದಲ್ಲಿ ನಿಲ್ಲಬೇಕು, ನಿಲ್ಲಲು ಹೊತ್ತು ಬೇಕು, ನಿಲ್ಲಿಸಿಕೊಳ್ಳುವವರಿಗೂ ಮನಸ್ಸು ಬೇಕು. ಮನಸ್ಸು ಬರುವುದು ಸಲಿಗೆಯಿಂದ.

ಸಲಿಗೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನನಗೆ ತುಂಬ ಪ್ರಿಯವಾದ ಅಧ್ಯಯನವೊಂದಿದೆ. ಡೊನಾಲ್ಡ್ ರಾಯ್ ಎಂಬ ಸಮಾಜವಿಜ್ಞಾನಿ ಅಮೆರಿಕದ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವ ಕೆಲಸಕ್ಕೆ ಸೇರಿದ್ದರು. ದಿನಕ್ಕೆ 12 ಗಂಟೆ, ವಾರಕ್ಕೆ ಆರು ದಿನ, ಒಂದೇ ರೀತಿಯ ತುಂಡುಗಳನ್ನು ಒತ್ತಿ ಕತ್ತರಿಸುವ ಕೆಲಸ. ಒಂದು ಕೋಣೆಯಲ್ಲಿ ಬೆರಳೆಣಿಕೆಯ ಜನ. ಮೊದಮೊದಲು ರಾಯ್‌ಗೆ ಆ ಏಕತಾನತೆ ಸಹಿಸಲಾಗಲಿಲ್ಲ. ಆಮೇಲೆ, ಗುಂಪಿನವರು ದಿನವನ್ನು ತಮ್ಮದೇ ಆದ ಸಣ್ಣ ಆಟಗಳಿಂದ ತುಂಡು ಮಾಡಿಕೊಂಡಿರುವುದು ಅವರ ಗಮನಕ್ಕೆ ಬಂತು. ಒಬ್ಬರು ತಂದ ಬಾಳೆಹಣ್ಣನ್ನು ಇನ್ನೊಬ್ಬರು ದಿನವೂ ಕದ್ದು "ಬಾಳೆಹಣ್ಣಿನ ಸಮಯ!" ಎಂದು ಕೂಗಿ ತಿನ್ನುತ್ತಿದ್ದರು. ಹಣ್ಣಿನ ಒಡೆಯರು ದಿನವೂ ಪ್ರತಿಭಟಿಸುತ್ತಿದ್ದರು, ಮರುದಿನ ಮತ್ತೆ ಹಣ್ಣು ತರುತ್ತಿದ್ದರು. ಹೀಗೆ ಒಂದೊಂದು ಹೊತ್ತಿಗೆ ಒಂದೊಂದು ಆಟ. 1959-60ರಲ್ಲಿ ಪ್ರಕಟವಾದ ಅವರ ಲೇಖನವನ್ನು ಸಮಾಜವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಎರಡು. ಆ ಆಟಗಳನ್ನು ಆಡಳಿತ ಏರ್ಪಡಿಸಿರಲಿಲ್ಲ, ಅದಕ್ಕೆ ಸಮಿತಿ ಇರಲಿಲ್ಲ. ಇನ್ನೊಂದು, ಒಂದು ದಿನ ಒಬ್ಬರ ತಮಾಷೆ ಇನ್ನೊಬ್ಬರ ಮನಸ್ಸಿಗೆ ನಾಟಿತು. ಗುಂಪಿನ ಮಾತು ನಿಂತಿತು. ಆಟಗಳು ನಿಂತವು. ಆ ಮೌನದ ದಿನಗಳಲ್ಲಿ ಹಳೆಯ ದಣಿವು ಮತ್ತೆ ಬಂದು ಕೂತಿತು ಎಂದು ರಾಯ್ ಬರೆದಿದ್ದಾರೆ. ಕೆಲಸ ಅದೇ, ಯಂತ್ರ ಅದೇ, ಗಂಟೆಗಳೂ ಅವೇ. ಬದಲಾದದ್ದು ನಡುವೆ ಇದ್ದ ಮಾತು ಮಾತ್ರ.

ಹಾಗಿದ್ದರೆ ನಗುವಿನ ಕಾರ್ಯಕ್ರಮ ಏರ್ಪಡಿಸುವುದರಲ್ಲಿ ಏನು ತಪ್ಪು ಎಂದು ನೀವು ಕೇಳಬಹುದು. ಏರ್ಪಡಿಸುವುದು ತಪ್ಪಲ್ಲ, ಕಡ್ಡಾಯ ಮಾಡುವುದು ತಪ್ಪು. ನಗದವರನ್ನು ಗುರುತಿಟ್ಟುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಫ್ರಾನ್ಸಿನಲ್ಲಿ ಒಬ್ಬ ಉದ್ಯೋಗಿಯನ್ನು 2015ರಲ್ಲಿ ಕೆಲಸದಿಂದ ತೆಗೆದರು. ಕಂಪನಿಯ "ಮೋಜಿನ" ಸಂಸ್ಕೃತಿಗೆ ಅವರು ಹೊಂದಿಕೊಳ್ಳಲಿಲ್ಲ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಆ ಮೋಜಿನಲ್ಲಿ ಮಿತಿಮೀರಿದ ಕುಡಿತವೂ ಅವಮಾನಕರ ವರ್ತನೆಯೂ ಸೇರಿದ್ದವು. 2022ರ ನವೆಂಬರಿನಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯ, ಹಾಗೆ ಭಾಗವಹಿಸಲು ನಿರಾಕರಿಸುವುದು ಉದ್ಯೋಗಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು, ಅದಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ ಎಂದು ಹೇಳಿತು. ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತುವವರೆಗೂ ಹೋಗಬೇಕಿರಲಿಲ್ಲ. ಖುಷಿಗೆ ಹಾಜರಾತಿ ತೆಗೆದುಕೊಂಡ ದಿನವೇ ಅದು ಇನ್ನೊಂದು ಕೆಲಸವಾಗುತ್ತದೆ. ಮನೆಯಲ್ಲಿ ಮಗುವೋ ಕಾಯಿಲೆಯವರೋ ಕಾಯುತ್ತಿರುವಾಗ ಸಂಜೆ ಆರರ ನಂತರ ನಡೆಯುವ ಆಟಕ್ಕೆ ನಿಲ್ಲಬೇಕಾದವರ ಮುಖವನ್ನು ನಾನು ನೋಡಿದ್ದೇನೆ. ಅವರು ಚಪ್ಪಾಳೆ ತಟ್ಟುತ್ತಿರುತ್ತಾರೆ, ಕಣ್ಣು ಗಡಿಯಾರದ ಮೇಲಿರುತ್ತದೆ. ಅಂಥ ಸಂಜೆಯಲ್ಲಿ ಯಾರೂ ಯಾರಿಗೂ ಏನನ್ನೂ ಕಲಿಸುವುದಿಲ್ಲ.

ನಿಜವಾದ ನಗು ಬಹುಪಾಲು ಜೋಕಿನಿಂದ ಬರುವುದೂ ಅಲ್ಲ. ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಸಾರ್ವಜನಿಕ ಜಾಗಗಳಲ್ಲಿ ಜನ ನಕ್ಕ 1,200 ಪ್ರಸಂಗಗಳನ್ನು ಗಮನಿಸಿ ದಾಖಲಿಸಿದರು. ಅವುಗಳಲ್ಲಿ ಜೋಕು ಎನ್ನಬಹುದಾದ ಮಾತಿನ ನಂತರ ಬಂದ ನಗು ಶೇಕಡಾ 20ಕ್ಕಿಂತ ಕಡಿಮೆ. ಉಳಿದದ್ದೆಲ್ಲ "ಹೌದಾ, ನಿಂಗೂ ಹಾಗೇ ಆಯ್ತಾ?" ಎಂಬಂಥ ಸಾದಾ ಮಾತಿಗೆ ಬಂದದ್ದು. ಅಂದರೆ ನಗು ಬೇಕಾದರೆ ಮನರಂಜನೆ ತರಿಸಬೇಕಿಲ್ಲ. ಒಟ್ಟಿಗೆ ಇರಲು ಬಿಟ್ಟರೆ ಸಾಕು.

ಒಟ್ಟಿಗೆ ಇರಲು ಬಿಡುವುದು ಎಂದರೆ ನಿಮ್ಮ ಕೈಯಲ್ಲೇ ಇರುವ ವಿಷಯ, ಅದನ್ನು ತೀರ್ಮಾನಿಸುವುದು ಶಿಫ್ಟಿನ ಪಟ್ಟಿ ಮತ್ತು ಕಟ್ಟಡದ ನಕ್ಷೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ ಎಂಜಿನಿಯರುಗಳನ್ನು ಅಧ್ಯಯನ ಮಾಡಿ 1977ರಲ್ಲಿ ತೋರಿಸಿದ ಹಾಗೆ, ಇಬ್ಬರ ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಅವರು ಕೆಲಸದ ಬಗ್ಗೆ ಮಾತಾಡುವ ಸಾಧ್ಯತೆ ಸರ್ರನೆ ಇಳಿಯುತ್ತದೆ. ಸುಮಾರು 50 ಮೀಟರ್ ದಾಟಿದರೆ ಒಂದೇ ಕಟ್ಟಡದಲ್ಲಿದ್ದೂ ಇಲ್ಲದಂತೆ. ಅದೇ ಎಂಐಟಿಯ ಅಲೆಕ್ಸ್ ಪೆಂಟ್‌ಲ್ಯಾಂಡ್ 2012ರಲ್ಲಿ ಒಂದು ಬ್ಯಾಂಕಿನ ಕಾಲ್ ಸೆಂಟರಿನ ಪ್ರಯೋಗವನ್ನು ವಿವರಿಸಿದ್ದಾರೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಬ್ರೇಕ್ ಕೊಡುವ ರೂಢಿ ಇತ್ತು. ಪೆಂಟ್‌ಲ್ಯಾಂಡ್ ಕೊಟ್ಟ ಸಲಹೆ, ಒಂದು ತಂಡದ ಎಲ್ಲರಿಗೂ ಒಂದೇ ಹೊತ್ತಿಗೆ ಬ್ರೇಕ್ ಕೊಡಿ ಎಂಬುದಷ್ಟೇ. ಹಿಂದೆ ಬಿದ್ದಿದ್ದ ತಂಡಗಳಲ್ಲಿ ಒಂದು ಕರೆ ಮುಗಿಸಲು ಹಿಡಿಯುವ ಸರಾಸರಿ ಸಮಯ ಶೇಕಡಾ 20ಕ್ಕಿಂತ ಹೆಚ್ಚು ಇಳಿಯಿತು, ಇಡೀ ಕಾಲ್ ಸೆಂಟರಿನಲ್ಲಿ ಶೇಕಡಾ 8.

ಮನೆಯಿಂದ ಕೆಲಸ ಮಾಡುವ ತಂಡಗಳಿಗೂ ಇದೇ ಅನ್ವಯಿಸುತ್ತದೆ, ಮಾಡುವ ರೀತಿ ಮಾತ್ರ ಬೇರೆ. ಎರಡು ಮೀಟಿಂಗುಗಳ ನಡುವೆ ಉಸಿರಾಡಲು ಜಾಗವಿಲ್ಲದ ಕ್ಯಾಲೆಂಡರಿನಲ್ಲಿ ಹರಟೆ ಹುಟ್ಟುವುದಿಲ್ಲ. ಮೀಟಿಂಗು ಮುಗಿದ ಮೇಲೆ ಹತ್ತು ನಿಮಿಷ ಕರೆ ಕಡಿಯದೆ ಬಿಟ್ಟು, ಇರಬೇಕೆನಿಸಿದವರು ಇರಲಿ ಎನ್ನುವ ಟೀಮ್ ಲೀಡ್‌ಗಳನ್ನು ಬಲ್ಲೆ. ಆ ಹತ್ತು ನಿಮಿಷದಲ್ಲಿ ಕೇಳುವ ಪ್ರಶ್ನೆಗಳು ಮೀಟಿಂಗಿನಲ್ಲಿ ಯಾರೂ ಕೇಳದಂಥವು.

ಈಗ ಸ್ವಲ್ಪ ಕಷ್ಟದ ಮಾತು. ಎಷ್ಟೇ ಬಿಡುವು ಕೊಟ್ಟರೂ, ಗೊತ್ತಿದ್ದುದನ್ನು ಹೇಳದೆ ಉಳಿಯುವ ಜನ ಇರುತ್ತಾರೆ. ಅವರನ್ನು ಸ್ವಾರ್ಥಿಗಳೆಂದು ಬಗೆಯುವುದು ಸುಲಭ. ಕ್ಯಾಥರೀನ್ ಕಾನೆಲಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಬಚ್ಚಿಡುವಿಕೆಯನ್ನು ಮೂರು ಬಗೆಯಾಗಿ ನೋಡುತ್ತದೆ. ಒಬ್ಬರು "ಆಮೇಲೆ ಹೇಳ್ತೀನಿ" ಎಂದು ಜಾರಿಕೊಳ್ಳುತ್ತಾರೆ ಅಥವಾ ಅರ್ಧಂಬರ್ಧ ಹೇಳುತ್ತಾರೆ. ಇನ್ನೊಬ್ಬರು ಗೊತ್ತಿದ್ದೂ ಗೊತ್ತಿಲ್ಲದವರಂತೆ ಇರುತ್ತಾರೆ. ಮತ್ತೊಬ್ಬರು "ಅದನ್ನು ಹೇಳಲು ನನಗೆ ಅನುಮತಿ ಇಲ್ಲ" ಎಂದು ಕಾರಣ ಕೊಡುತ್ತಾರೆ. ಸಹೋದ್ಯೋಗಿಗಳ ನಡುವೆ ಅಪನಂಬಿಕೆ ಇದ್ದಲ್ಲಿ ಈ ಬಚ್ಚಿಡುವಿಕೆ ಹೆಚ್ಚು ಎಂಬುದು ಆ ಸಂಶೋಧನೆ ಕಂಡುಕೊಂಡದ್ದು. ಅಪನಂಬಿಕೆಯನ್ನು ಬಿತ್ತಿದವರು ಯಾರು? ಒಂದೇ ತಂಡದ ಜನರನ್ನು ಒಬ್ಬರ ಮೇಲೊಬ್ಬರಂತೆ ಸಾಲಾಗಿ ನಿಲ್ಲಿಸಿ, ಕೊನೆಯಲ್ಲಿರುವವರಿಗೆ ಇನ್ಕ್ರಿಮೆಂಟ್ ಇಲ್ಲ ಎಂದರೆ, ನಾನು ಕಲಿಸಿದವರು ನನ್ನನ್ನೇ ಕೆಳಗೆ ತಳ್ಳುವ ವ್ಯವಸ್ಥೆಯನ್ನು ನೀವೇ ಕಟ್ಟಿದಂತಾಯಿತು. ಅಂಥ ಕಡೆ ಸೋಮವಾರ ರ‍್ಯಾಂಕಿಂಗ್, ಶುಕ್ರವಾರ ಹಗ್ಗಜಗ್ಗಾಟ ಇಟ್ಟರೆ ಜನ ಹಗ್ಗ ಎಳೆಯುತ್ತಾರೆ, ಬಾಯಿ ತೆರೆಯುವುದಿಲ್ಲ. ಅವರ ಮೌನದಲ್ಲಿ ನನಗೆ ಕಾಣುವುದು ಹೆದರಿಕೆ. ಮನೆ ಸಾಲ ಇರುವವರಿಗೆ ಆ ಹೆದರಿಕೆ ಅತಿಯಾದದ್ದೂ ಅಲ್ಲ.

ಹೆದರಿಕೆಯ ಇನ್ನೊಂದು ಮುಖ, ತಪ್ಪನ್ನು ಒಪ್ಪಿಕೊಳ್ಳಲು ಆಗದಿರುವುದು. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ನಿರೀಕ್ಷೆ. ಲೆಕ್ಕ ತಿರುಗಾಮುರುಗಾ ಬಂತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕಾರಣ ಹುಡುಕುತ್ತ ಹೋದಾಗ ಕಂಡದ್ದು, ಆ ತಂಡಗಳಲ್ಲಿ ಜನ ತಪ್ಪಿನ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. ನಮ್ಮ ಹಿರಿಯರು "ಉಲ್ಟಾ ಫೈಲಿನ" ಅಭಿನಯ ಮಾಡಲು ಸಾಧ್ಯವಾದದ್ದು, ಆ ಫೈಲು ನುಸುಳಿದ ಮೊದಲ ಸಲ ಯಾರ ತಲೆಯೂ ಹೋಗಲಿಲ್ಲ ಎಂಬ ಕಾರಣದಿಂದ. ಅಂದು ಯಾರಿಗಾದರೂ ಮೆಮೊ ಕೊಟ್ಟಿದ್ದರೆ ಆ ಕಥೆ ಅಂದೇ ಸಾಯುತ್ತಿತ್ತು, ಕಥೆಯ ಜೊತೆ ಪಾಠವೂ.

ನಗುವಿನ ಹೆಸರಲ್ಲಿ ನಡೆಯುವ ನೋವಿನ ಬಗ್ಗೆಯೂ ಹೇಳದೆ ಈ ಪತ್ರ ಪೂರ್ತಿಯಾಗದು. ಕಾಲೆಳೆಯುವುದು ಬೇರೆ, ಕಾಲಡಿ ಹಾಕಿ ತುಳಿಯುವುದು ಬೇರೆ. ಉಚ್ಚಾರಣೆಯನ್ನು, ಮೈಬಣ್ಣವನ್ನು, ಮೈಕಟ್ಟನ್ನು, ಹೆಣ್ಣಾಗಿರುವುದನ್ನು, ಬಡತನವನ್ನು ಆಡಿಕೊಂಡು ನಗುವ ಗುಂಪಿನಲ್ಲಿ, ನಗೆಗೀಡಾದ ವ್ಯಕ್ತಿ ಮುಂದೆಂದೂ ಪ್ರಶ್ನೆ ಕೇಳುವುದಿಲ್ಲ. ಅವರಿಗೆ ಗೊತ್ತಿರುವುದೂ ತಂಡಕ್ಕೆ ಸಿಗುವುದಿಲ್ಲ. ಇಂಥದ್ದನ್ನು "ತಮಾಷೆಗೆ ಅಂದದ್ದು ಬಿಡಿ" ಎಂದು ಮ್ಯಾನೇಜರ್ ತೇಲಿಸಿದರೆ ಆ ತಂಡದಲ್ಲಿ ಹಂಚಿಕೆ ಮುಗಿದ ಹಾಗೆ. ಒಂದು ಸರಳ ಗುರುತು ನನ್ನ ಕಣ್ಣಿಗೆ ಬಿದ್ದಿದೆ. ಆರೋಗ್ಯವಾಗಿರುವ ತಂಡದಲ್ಲಿ ಎಲ್ಲರ ಕಾಲೂ ಸರದಿಯ ಮೇಲೆ ಎಳೆಸಿಕೊಳ್ಳುತ್ತದೆ, ಮ್ಯಾನೇಜರದ್ದೂ ಸೇರಿ. ದಿನವೂ ಒಬ್ಬರದ್ದೇ ಆದರೆ ಅಲ್ಲಿಗೆ ನೀವು ಹೋಗಲೇಬೇಕು.

ಮಾತು ಕಡಿಮೆ ಇರುವವರನ್ನೂ ಬಿಟ್ಟುಬಿಡಬೇಡಿ. ಹರಟೆಗೆ ಕೂರದೆ, ಒಬ್ಬರ ಜೊತೆ ಒಬ್ಬರಾಗಿ ಕೂತಾಗ ಅದ್ಭುತವಾಗಿ ಕಲಿಸುವವರು ಇದ್ದಾರೆ. ಅವರಿಗೆ ಗುಂಪಿನ ಆಟದಲ್ಲಿ ಅಂಕ ಕಡಿಮೆ ಬಂದೀತು, ಅದು ಅವರ ಕೊರತೆ ಅಲ್ಲ. ಗುತ್ತಿಗೆಯ ಮೇಲೆ ಬಂದವರ ಮಾತನ್ನೂ ಇಲ್ಲಿ ಎತ್ತಬೇಕು. ಅದೇ ಕೋಣೆಯಲ್ಲಿ ಅದೇ ಕೆಲಸ ಮಾಡುತ್ತಾರೆ, ಔಟಿಂಗಿಗೆ ಮಾತ್ರ ಅವರ ಹೆಸರು ಪಟ್ಟಿಯಲ್ಲಿರುವುದಿಲ್ಲ. ಯಂತ್ರದ ಸದ್ದಿನಿಂದಲೇ ದೋಷ ಹೇಳುವವರು, ಕಡತ ಯಾವ ಕಪಾಟಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುವವರು ಎಷ್ಟೋ ಸಲ ಅವರೇ. ಅವರನ್ನು ಹೊರಗಿಟ್ಟ ಖುಷಿ ನನಗಂತೂ ಖುಷಿಯಾಗಿ ಕಾಣುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ, ಹೆಚ್ಚಿನದಕ್ಕೆ ಹಣವೂ ಬೇಡ.

ಒಂದು ತಂಡದವರಿಗೆ ದಿನದಲ್ಲಿ ಒಂದಾದರೂ ಬ್ರೇಕು ಒಟ್ಟಿಗೆ ಸಿಗುವಂತೆ ಶಿಫ್ಟ್ ಹಾಕಿ. ಆ ಹೊತ್ತಿನಲ್ಲಿ ಇಬ್ಬರು ಮೂವರು ನಿಂತು ನಗುತ್ತಿರುವುದು ಕಂಡರೆ ಗಡಿಯಾರ ನೋಡಬೇಡಿ. ಅವರೇನು ಮಾತಾಡುತ್ತಿದ್ದಾರೆಂದು ದಾಖಲಿಸಲು, ಅಳೆಯಲು, ಅದನ್ನೊಂದು "ಇನಿಶಿಯೇಟಿವ್" ಮಾಡಲು ಹೋಗಬೇಡಿ. ಕಿವಿ ಇಟ್ಟದ್ದು ಗೊತ್ತಾದ ಕ್ಷಣ ಜನ ಹವಾಮಾನದ ಬಗ್ಗೆ ಮಾತಾಡಲು ಶುರುಮಾಡುತ್ತಾರೆ. ಏರ್ಪಡಿಸಿದ ಕಾರ್ಯಕ್ರಮಗಳು ಕೆಲಸದ ಗಂಟೆಯ ಒಳಗೇ ನಡೆಯಲಿ, ಬರದವರ ಹೆಸರನ್ನು ಯಾರೂ ಬರೆದುಕೊಳ್ಳದಿರಲಿ. ಹೊಸಬರ ಮೊದಲ ವಾರವನ್ನು ಪೂರ್ತಿ ವಿಡಿಯೊ ಪಾಠಗಳಿಂದ ತುಂಬಬೇಡಿ. ಅರ್ಧ ದಿನವಾದರೂ ಅವರು ಅನುಭವಿಯೊಬ್ಬರ ಪಕ್ಕ ಸುಮ್ಮನೆ ಕೂತು ನೋಡಲಿ. ಕೆಲಸ ಬಿಟ್ಟು ಹೋಗುವವರ ನೋಟಿಸ್ ಪಿರಿಯಡ್‌ನ ಕೊನೆಯ ದಿನಗಳಲ್ಲಿ ಎಲ್ಲ ಜ್ಞಾನವನ್ನೂ ಹಿಂಡಿಕೊಳ್ಳುವ ಅಭ್ಯಾಸವನ್ನು ಬಿಡಿ. ಹೊರಟು ನಿಂತವರಿಗೆ ಆಗ ಹೇಳುವ ಉತ್ಸಾಹ ಇರುವುದಿಲ್ಲ, ಉಳಿದವರಿಗೆ ಏನು ಕೇಳಬೇಕೆಂದೇ ಗೊತ್ತಿರುವುದಿಲ್ಲ.

ಮುಖ್ಯವಾದದ್ದು ಅಪ್ರೈಸಲ್, ಅಂದರೆ ವರ್ಷದ ಕೆಲಸದ ಮೌಲ್ಯಮಾಪನ. ಕಲಿಸುವವರ ಹೊತ್ತು ಇವತ್ತು ಎಲ್ಲೂ ಲೆಕ್ಕಕ್ಕೆ ಸಿಗುವುದಿಲ್ಲ. ಹೊಸಬರಿಗೆ ಹೇಳಿಕೊಡುತ್ತ ಕೂತ ದಿನ ಅವರ ಸ್ವಂತ ಟಾರ್ಗೆಟ್ ಹಿಂದೆ ಬೀಳುತ್ತದೆ, ವರ್ಷದ ಕೊನೆಗೆ ಅದಕ್ಕೇ ಅವರ ಅಂಕ ಕಡಿಮೆಯಾಗುತ್ತದೆ. ಕಲಿತವರು ಮುಂದೆ ಹೋಗಿರುತ್ತಾರೆ. ಇದನ್ನು ವರ್ಷಗಟ್ಟಲೆ ಸಹಿಸಿಕೊಂಡು, ಕಲಿಸುವುದನ್ನು ಒಂದು ದಿನ ಸುಮ್ಮನೆ ನಿಲ್ಲಿಸಿಬಿಟ್ಟ ಒಳ್ಳೆಯವರನ್ನು ನಾನು ಬಲ್ಲೆ. ಅವರು ಜಗಳ ಮಾಡಲಿಲ್ಲ, ದೂರು ಕೊಡಲಿಲ್ಲ. "ಡಾಕ್ಯುಮೆಂಟ್ ಇದೆಯಲ್ಲ, ಓದಿಕೋ" ಎನ್ನಲು ಶುರುಮಾಡಿದರು, ಅಷ್ಟೇ. ಆ ನಷ್ಟ ನಿಮ್ಮ ಯಾವ ವರದಿಯಲ್ಲೂ ಕಾಣಿಸುವುದಿಲ್ಲ.

ಆದ್ದರಿಂದ ಮುಂದಿನ ಅಪ್ರೈಸಲ್ ಫಾರ್ಮ್ ಅಂತಿಮವಾಗುವ ಮೊದಲು, ಒಬ್ಬೊಬ್ಬರನ್ನೂ ಹೀಗೊಂದು ಪ್ರಶ್ನೆ ಕೇಳಿ: ಈ ವರ್ಷ ನಿಮಗೆ ಕೆಲಸ ಕಲಿಸಿದವರು ಯಾರು, ಏನನ್ನು ಕಲಿಸಿದರು? ಉತ್ತರದಲ್ಲಿ ಬರುವ ಹೆಸರುಗಳನ್ನು ಮೇಲಿನವರು ಓದಲಿ. ಆ ಹೆಸರಿನವರ ಟಾರ್ಗೆಟ್ ನಿಗದಿ ಮಾಡುವಾಗ ಕಲಿಸಲು ಬೇಕಾದ ಹೊತ್ತನ್ನು ಮೊದಲೇ ಕಳೆದುಬಿಡಿ. ಇದೊಂದನ್ನು ಈ ವರ್ಷವೇ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಉಳಿದ ಕೋರಿಕೆಗಳ ಬಗ್ಗೆ ನಿಮ್ಮ ನಿಮ್ಮ ತಂಡದವರನ್ನೇ ಕೂರಿಸಿಕೊಂಡು ಕೇಳಿ.

ಇಂತಿ,
ನಿಮ್ಮ ಸಂಸ್ಥೆಗಳಲ್ಲಿ ಹೊಸಬರ ಪಕ್ಕದಲ್ಲಿ ಕೂರುವ ಒಬ್ಬ ಉದ್ಯೋಗಿ